ಸಾಕೆಂಬ ಮಾತು

ಮುದ್ದೇಬಿಹಾಳದಿಂದ ನಾರಾಯಣಪುರಕ್ಕೆ ಹೋಗುವ ದಾರಿಯಲ್ಲಿರುವ ನಾಲತವಾಡವು ದೊಡ್ಡ ಊರೇನೂ ಅಲ್ಲ. ಪಟ್ಟಣ ಪಂಚಾಯಿತಿಯುಳ್ಳ, ಜೋಳ ತೊಗರಿಗಳ ಸೀಮೆಯ, ವೀರೇಶ್ವರ ಶರಣರ ಹೆಸರನ್ನು ಇಂದಿಗೂ ಭಕ್ತಿಯಿಂದ ನೆನೆಯುವ ಊರು ಅದು. ಅಲ್ಲಿಂದ ಕೃಷ್ಣೆಯನ್ನು ದಾಟಿದರೆ ಲಿಂಗಸುಗೂರು ತಾಲೂಕು. ಆ ತಾಲೂಕಿನಲ್ಲಿ ಅಮರೇಶ್ವರವೆಂಬ ಕ್ಷೇತ್ರವುಂಟು. ಹನ್ನೆರಡನೆಯ ಶತಮಾನದಲ್ಲಿ ಆ ಅಮರೇಶ್ವರವನ್ನು ಬಿಟ್ಟು ಕಲ್ಯಾಣಕ್ಕೆ ಹೋಗಿ ನೆಲೆಸಿದ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳ ವೃತ್ತಾಂತವನ್ನು ಅರಿಯದ ಕನ್ನಡಿಗರು ವಿರಳ. ಆದರೂ ಅದನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇವೆ. ಏಕೆಂದರೆ ನಾವು ಮುಂದೆ ಹೇಳಬೇಕಾದ ಮಾತಿಗೆ ಅದೇ ಬುಡ.

ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆದುದರಿಂದಲೇ ಅವನು ಆಯ್ದಕ್ಕಿ ಮಾರಯ್ಯ. ತಂದ ಅಕ್ಕಿಯಲ್ಲಿ ಜಂಗಮರಿಗೆ ದಾಸೋಹ ನಡೆಯಬೇಕು, ಮನೆಯೂ ನಡೆಯಬೇಕು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ನಮ್ಮ ಕಾಲದ ಮನೆಗಳಲ್ಲಿಯಾದರೆ ಆ ದಿನ ಹಬ್ಬವಾಗುತ್ತಿತ್ತು. ಲಕ್ಕಮ್ಮನು ಹಾಗೆ ಮಾಡಲಿಲ್ಲ. ನಿತ್ಯದ ಅಳತೆ ನಮಗೆ ಸಾಕಾಗಿರುವಾಗ ಈ ಮಿಕ್ಕದ್ದು ಏಕೆ ಬಂದಿತು, ಆಸೆ ಹುಟ್ಟಿದ್ದು ಯಾರ ಮನಸ್ಸಿನಲ್ಲಿ ಎಂದು ಕೇಳಿ, ಗಂಡನನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಮಾಡಿದಳು.

ಈ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಹೇಳುವವರು ಬಹಳ. ಕೇಳಿ ತಲೆದೂಗುವವರೂ ಬಹಳ. ಆದರೆ ಅದರಲ್ಲಿ ಗಮನಿಸತಕ್ಕ ಸಂಗತಿಯೊಂದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಸಾಕೆಂದವಳು ಅರಮನೆಯ ಹೆಂಗಸಲ್ಲ. ಅವಳ ಮನೆಯಲ್ಲಿ ನಾಳೆಗೆ ಕಟ್ಟಿಟ್ಟುದು ಏನೂ ಇರಲಿಲ್ಲ. ಅಂಥವಳು ಸಾಕೆಂದಾಗ ಆ ಮಾತಿಗೆ ಒಂದು ತೂಕ ಬರುತ್ತದೆ. ಅವಳಿಗೆ ತನ್ನ ಗಂಡನ ಕೈಗಳ ಮೇಲೆ ನಂಬುಗೆಯಿತ್ತು. ನಾಳೆಯೂ ಕಾಯಕವುಂಟು, ಕಾಯಕವಿದ್ದಲ್ಲಿ ಅನ್ನವುಂಟು ಎಂಬ ನಂಬುಗೆಯಿತ್ತು. ಇವೆರಡಕ್ಕೂ ಆಧಾರವಾಗಿ ದೇವರ ಮೇಲೆ ನಂಬುಗೆಯಿತ್ತು. ಈ ಮೂರರಲ್ಲಿ ಒಂದನ್ನು ತೆಗೆದರೂ ಆ ಅಕ್ಕಿ ಅಂಗಳಕ್ಕೆ ಹಿಂದಿರುಗುತ್ತಿರಲಿಲ್ಲ.

ಪ್ರಕೃತ ನಮ್ಮ ನಾಡಿನಲ್ಲಿ ಸರಳ ಜೀವನದ ಉಪದೇಶಕ್ಕೆ ಬರವಿಲ್ಲ. ಆ ಉಪದೇಶವು ಹೆಚ್ಚಾಗಿ ಉಣ್ಣಲು ಇದ್ದವರಿಂದ ಉಣ್ಣಲಿಲ್ಲದವರಿಗೆ ಸಲ್ಲುತ್ತಿರುವುದೇ ನಮಗೆ ಅಸಮಾಧಾನದ ವಿಷಯ. ಹಸಿದವನ ಮುಂದೆ ನಿಂತು ತೃಪ್ತಿಯನ್ನು ಬೋಧಿಸುವುದು ಧರ್ಮವಲ್ಲ. ಅದು ಅವನ ಹಸಿವೆಗೆ ಮಾಡುವ ಅಪಮಾನ. ಈ ಜಿಲ್ಲೆಯ ಜನರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. 1791-92ರಲ್ಲಿ ಬಿದ್ದ ಕ್ಷಾಮದಲ್ಲಿ ಹೂಳುವವರಿಲ್ಲದೆ ತಲೆಬುರುಡೆಗಳು ನೆಲದ ಮೇಲೆ ಹರಡಿದ್ದುವೆಂದು ಅದಕ್ಕೆ ಡೋಗಿಬರವೆಂದೇ ಹೆಸರಾಯಿತು. 1876ರಿಂದ 1878ರ ವರೆಗಿನ ಮಹಾಕ್ಷಾಮವು ಇನ್ನೂ ಘೋರ. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆಯೆಂದು ಹೆಸರು. 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷಕ್ಕೂ ಮಿಗಿಲಾಗಿದ್ದ ಜನರು 1881ರಲ್ಲಿ ಆರೂವರೆ ಲಕ್ಷಕ್ಕಿಂತಲೂ ಕಡಿಮೆಯಾಗಿದ್ದರು. ಒಂದು ಲಕ್ಷಕ್ಕೆ ಮೀರಿದ ಈ ಕೊರತೆಯಲ್ಲಿ ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂಬುದನ್ನು ಬೇರ್ಪಡಿಸುವವರಾರು? ಡೋಣಿ ಹರಿದರೆ ಓಣೆಲ್ಲ ಜೋಳ ಎಂದು ಈ ಸೀಮೆಯವರು ಹಾಡಿಹೊಗಳುವುದರ ಹಿಂದೆ, ಡೋಣಿ ಹರಿಯದ ವರ್ಷಗಳ ನೆನಪೂ ಅಡಗಿದೆ. ಇಂಥ ನೆಲದಲ್ಲಿ ನಾಲ್ಕು ಕಾಳನ್ನು ಹಗೇವಿನಲ್ಲಿ ಕೂಡಿಡುವುದು ಲೋಭವಲ್ಲ, ವಿವೇಕ. ಕಾಲುವೆಯ ನೀರನ್ನು ಬೇಡುವುದು, ತೊಗರಿಗೆ ನ್ಯಾಯವಾದ ಬೆಲೆಯನ್ನು ಕೇಳುವುದು, ಮಕ್ಕಳಿಗೆ ಒಳ್ಳೆಯ ಶಾಲೆಯನ್ನು ಬಯಸುವುದು ಇವು ಯಾವುವೂ ಅತೃಪ್ತಿಯ ಲಕ್ಷಣಗಳಲ್ಲ.

ಹಾಗಾದರೆ ತೃಪ್ತಿಯೆಂದರೇನು? ಗತಿಯಿಲ್ಲದವನು ಸುಮ್ಮನಿರುವುದಕ್ಕೂ ಗತಿಯಿದ್ದವನು ಸಾಕೆನ್ನುವುದಕ್ಕೂ ಇರುವ ಅಂತರವನ್ನು ತಿಳಿದರೆ ಈ ಪ್ರಶ್ನೆಗೆ ಅರ್ಧ ಉತ್ತರ ದೊರೆತಂತಾಯಿತು. ಮಿಕ್ಕ ಅರ್ಧವನ್ನು ಇದೇ ಜಿಲ್ಲೆಯಲ್ಲಿ ಬಾಳಿಹೋದ ಕೆಲವರ ನಡೆಯಲ್ಲಿ ನೋಡಬಹುದು.

ವಿಜಾಪುರದ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಗತಿಯಿಲ್ಲದವರಾಗಿರಲಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾಯದೆಯನ್ನು ಕಲಿತು, ವಿಜಾಪುರಕ್ಕೆ ಬಂದು ನೆಲೆನಿಂತವರು. ವಕೀಲಿಯನ್ನೇ ಹಿಡಿದು ಕುಳಿತಿದ್ದರೆ ಹಣಕ್ಕೆ ಕೊರತೆಯಿರುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರ ಮನಸ್ಸನ್ನು ಹಳೆಯ ಓಲೆಗರಿಗಳು ಹಿಡಿದುಬಿಟ್ಟವು. ಊರೂರು ಸುತ್ತಿ, ಮಠಗಳ ಬಾಗಿಲಲ್ಲಿ ಕಾದು, ಮನೆಗಳ ಅಟ್ಟಗಳಲ್ಲಿ ಹೊಗೆ ಹಿಡಿದು ಬಿದ್ದಿದ್ದ ಕಟ್ಟುಗಳನ್ನು ತಂದು, ತಿದ್ದಿ ಬರೆದು, 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವನ್ನು ಹೊರಗೆ ತಂದರು. ಮುದ್ರಣಕ್ಕಾಗಿ ಹೊರಗಿನವರನ್ನು ಆಶ್ರಯಿಸಬೇಕಾದ ಕಷ್ಟವನ್ನು ಕಂಡ ಮೇಲೆ ತಾವು ವಾಸಿಸುತ್ತಿದ್ದ ಮನೆಯನ್ನೇ ಮಾರಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆ, ಮರುವರ್ಷ ನವಕರ್ನಾಟಕ ವಾರಪತ್ರಿಕೆ. ಪತ್ರಿಕೆಯೆಂಬುದು ಎಂಥ ಹಸಿವಿನ ಪ್ರಾಣಿ ಎಂಬುದನ್ನು ಬಲ್ಲ ನಮ್ಮಂಥವರಿಗೆ, ಮನೆ ಮಾರಿ ಅಚ್ಚಿನ ಮೊಳೆಗಳನ್ನು ಕೊಂಡವನ ಧೈರ್ಯದ ಬೆಲೆ ತಿಳಿಯುತ್ತದೆ. ಮಾಲಕ, ಸಂಪಾದಕ, ಕರಡು ತಿದ್ದುವವ, ಕೆಲವೊಮ್ಮೆ ಹೊತ್ತು ಹಂಚುವವ, ಎಲ್ಲವೂ ಒಬ್ಬನೇ ಆದಾಗ ರಾತ್ರಿಗೂ ಹಗಲಿಗೂ ಭೇದವಿರುವುದಿಲ್ಲ.

ಹಳಕಟ್ಟಿಯವರು ಸನ್ಯಾಸಿಗಳಾಗಿರಲಿಲ್ಲ, ಸಂಸಾರಿಗಳು. ಅವರು ಬರಿಯ ಪುಸ್ತಕದ ಹುಳವೂ ಅಲ್ಲ. 1910ರಲ್ಲಿ ಹುಟ್ಟಿದ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯಲ್ಲಿಯೂ 1912ರ ಸಿದ್ಧೇಶ್ವರ ಬ್ಯಾಂಕಿನಲ್ಲಿಯೂ ಅವರ ಕೈಯಿತ್ತು. ಸಾವಿರಾರು ಜನರ ಹಣಕ್ಕೆ ಮನೆ ಕಟ್ಟಿಕೊಟ್ಟವರು ತಮ್ಮ ಮನೆಯನ್ನು ಉಳಿಸಿಕೊಳ್ಳಲಿಲ್ಲ. ಹರಕು ಕೋಟು, ಹಳೆಯ ರುಮಾಲುಗಳಲ್ಲಿಯೇ ಅವರ ಇಳಿವಯಸ್ಸು ಕಳೆಯಿತು. ಇನ್ನೂರಕ್ಕೂ ಮಿಗಿಲಾದ ವಚನಕಾರರ ಹೆಸರುಗಳು ನಾಡಿಗೆ ತಿಳಿಯುವಂತಾದುದು ಈ ಹರಕು ಕೋಟಿನ ಪುಣ್ಯದಿಂದ. ಲಕ್ಕಮ್ಮನು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಮಾತು ಅಚ್ಚಾಗಿ ನಮ್ಮ ಕೈಗೆ ಬಂದುದರಲ್ಲಿಯೂ ಆ ಮನೆಯ ಮಾರಾಟದ ಹಣ ಸೇರಿದೆಯೆಂದರೆ ತಪ್ಪಾಗಲಾರದು. ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1964ರ ಜೂನ್ 29ರಂದು ಅವರು ತೀರಿಕೊಂಡರು.

ಇದೇ ಕಾಲದಲ್ಲಿ ನಾಲತವಾಡಕ್ಕೆ ಇನ್ನೂ ಸಮೀಪದಲ್ಲಿ, ಆಲಮಟ್ಟಿಯ ಕೃಷ್ಣೆಯ ದಂಡೆಯ ಮೇಲೆ ಮತ್ತೊಬ್ಬರು ಬಾಳುತ್ತಿದ್ದರು. ಹರ್ಡೇಕರ ಮಂಜಪ್ಪನವರು 1886ರಲ್ಲಿ ಬನವಾಸಿಯಲ್ಲಿ ಬಡಕುಟುಂಬದಲ್ಲಿ ಹುಟ್ಟಿದವರು. ಶಿರಸಿಯಲ್ಲಿ ಸರಕಾರಿ ಶಾಲೆಯ ಮಾಸ್ತರಿಕೆ ದೊರೆತಿತ್ತು. ಬಡವರ ಮನೆಗೆ ಅದು ಸಣ್ಣ ಸಂಪತ್ತಲ್ಲ. ಸ್ವದೇಶಿ ಚಳವಳಿಯ ಗಾಳಿ ಬೀಸಿದಾಗ 1906ರಲ್ಲಿ ಅದನ್ನು ಬಿಟ್ಟು ದಾವಣಗೆರೆಗೆ ಹೋಗಿ ಧನುರ್ಧಾರಿ ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಸೇರಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ಮಾಡಿದವರೂ ಅವರೇ. ಆಜನ್ಮ ಬ್ರಹ್ಮಚಾರಿ, ಖಾದಿಧಾರಿ, ಚರಕದ ಉಪಾಸಕ. ಜನರು ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದರು. 1927ರಲ್ಲಿ ಆಲಮಟ್ಟಿಗೆ ಬಂದು ವಿದ್ಯಾಲಯವನ್ನು ತೆರೆದು, 1947ರ ಜನವರಿ 3ರಂದು ದೇಹವನ್ನು ಬಿಡುವವರೆಗೂ ಅಲ್ಲಿಯೇ ನಿಂತರು. ಸ್ವಾತಂತ್ರ್ಯದ ದಿನವು ಅವರ ಕಣ್ಣಿಗೆ ಏಳೆಂಟು ತಿಂಗಳುಗಳಲ್ಲಿ ತಪ್ಪಿಹೋಯಿತು.

ಆ ಕಾಲದ ಆಲಮಟ್ಟಿಯನ್ನು ಇಂದಿನ ವಾಚಕರು ಊಹಿಸಿಕೊಳ್ಳುವುದು ಕಷ್ಟ. ಅಣೆಕಟ್ಟಿಲ್ಲ, ಉದ್ಯಾನಗಳಿಲ್ಲ, ವಿದ್ಯುದ್ದೀಪಗಳಿಲ್ಲ. ಅಂಥ ಬಿಸಿಲ ಬಯಲಿಗೆ ಬಂದು ಹಳ್ಳಿಯ ಮಕ್ಕಳಿಗೆ ಅಕ್ಷರದೊಡನೆ ಕೈಕೆಲಸವನ್ನೂ ಕಲಿಸುತ್ತ, ಪುಸ್ತಕಗಳನ್ನು ಬರೆಯುತ್ತ ಇಪ್ಪತ್ತು ವರ್ಷ ಕಳೆದವರನ್ನು ಹುಚ್ಚರೆಂದು ನಗುವವರು ಅಂದಿಗೂ ಇದ್ದಿರಬೇಕು. ಮಂಜಪ್ಪನವರ ಸರಳತೆಯು ಉಪವಾಸದ ಒಣಸರಳತೆಯಾಗಿರಲಿಲ್ಲ. ಬೇಡವಾದ ಕೆಲಸಗಳನ್ನು ಕಡಿದುಹಾಕಿದ್ದರಿಂದ ಬೇಕಾದ ಕೆಲಸಕ್ಕೆ ಅವರಲ್ಲಿ ಸಮಯ ಉಳಿಯಿತು. ಸರಳ ಜೀವನದ ಮುಖ್ಯ ಲಾಭವೇ ಇದೆಂದು ನಾವು ಭಾವಿಸುತ್ತೇವೆ. ಹಣದ ಉಳಿತಾಯವು ಎರಡನೆಯದು.

ಆ ದಂಡೆಯ ಮೇಲೆ 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಮುಂದೆ ಪ್ರಧಾನ ಮಂತ್ರಿಗಳಾಗಿ 1966ರಲ್ಲಿ ತೀರಿಕೊಂಡಾಗ, ಬ್ಯಾಂಕಿನಿಂದ ಸಾಲ ತೆಗೆದು ಕೊಂಡಿದ್ದ ಸಣ್ಣದೊಂದು ಮೋಟಾರಿನ ಸಾಲವೂ ಅವರಿಂದ ಪೂರ್ತಿ ತೀರಿರಲಿಲ್ಲ. ಪತ್ನಿ ಲಲಿತಾ ಶಾಸ್ತ್ರಿಯವರು ಅದನ್ನು ತೀರಿಸಿದರು. ಸರಳ ಜೀವನದವರು ಸಾಲವನ್ನೇ ಮಾಡಕೂಡದೆಂದು ವಾದಿಸುವವರಿಗೆ ಇದೊಂದು ಉತ್ತರ. ಸಾಲ ಮಾಡಿದವರು ಯಾರು, ಯಾತಕ್ಕೆ, ತೀರಿಸುವ ಮನಸ್ಸುಂಟೋ ಇಲ್ಲವೋ ಎಂಬುದೇ ಮುಖ್ಯ.

ಇಷ್ಟೆಲ್ಲ ಹಳೆಯ ಕಾಲದ ಮಾತಾಯಿತು, ಇಂದು ಅದು ಸಾಧ್ಯವೇ ಎಂದು ಕೇಳುವವರುಂಟು. ಅವರಿಗೆ ಉತ್ತರವಾಗಿ ನಮ್ಮ ಕಣ್ಣೆದುರಿಗೇ ಬಾಳಿದವರು ವಿಜಾಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು. ಬಿಜ್ಜರಗಿಯ ರೈತ ಕುಟುಂಬದಲ್ಲಿ ಹುಟ್ಟಿ, ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾಗಿ, ಕೊಲ್ಹಾಪುರದಲ್ಲಿ ತತ್ವಶಾಸ್ತ್ರದ ಎಂ.ಎ. ಪದವಿಯನ್ನು ಪಡೆದ ಈ ಪುರುಷರು ಉಟ್ಟದ್ದು ಬಿಳಿಯ ಬಟ್ಟೆ. ಆ ಅಂಗಿಗೆ ಕಿಸೆಯಿರಲಿಲ್ಲ. ಕಿಸೆಯಿಲ್ಲದ ಅಂಗಿಯೆಂಬುದು ಹೇಳಲು ಸಣ್ಣ ಮಾತು. ಆದರೆ ಅವರ ಪ್ರವಚನಕ್ಕೆ ಬೆಳಗಿನ ಜಾವದಲ್ಲಿ ಸಾವಿರಗಟ್ಟಲೆ ಜನ ಸೇರುತ್ತಿದ್ದರು. ಮಂತ್ರಿಗಳೂ ಸಾಹುಕಾರರೂ ನೆಲದ ಮೇಲೆ ಕುಳಿತು ಕೇಳುತ್ತಿದ್ದರು. ಕೈಯೊಡ್ಡಿದರೆ ಏನು ತಾನೆ ಬರುತ್ತಿರಲಿಲ್ಲ? ಒಡ್ಡಲಿಲ್ಲ. 2018ರಲ್ಲಿ ಭಾರತ ಸರಕಾರವು ಪದ್ಮಶ್ರೀಯನ್ನು ಘೋಷಿಸಿದಾಗ, ಸನ್ಯಾಸಿಗೆ ಪ್ರಶಸ್ತಿಯ ಅಗತ್ಯವಿಲ್ಲವೆಂದು ಪ್ರಧಾನ ಮಂತ್ರಿಗಳಿಗೆ ವಿನಯದಿಂದ ಪತ್ರ ಬರೆದು ಒಲ್ಲೆನೆಂದರು. ಮಾರಯ್ಯನ ಮಿಕ್ಕ ಅಕ್ಕಿಯು ದಿಲ್ಲಿಗೆ ಹಿಂದಿರುಗಿತೆಂದು ಆಗ ನಮಗೆ ಅನಿಸಿತು.

ಅವರ ನಡೆಯಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸುವುದು 2014ರ ಗುರುಪೂರ್ಣಿಮೆಯ ದಿನ ಅವರು ಬರೆದಿಟ್ಟಿದ್ದ ಕಡೆಯ ಪತ್ರ. ತಮ್ಮ ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಶ್ರಾದ್ಧಾದಿ ವಿಧಿಗಳು ಬೇಡ, ಬೂದಿಯನ್ನು ನದಿಗೋ ಸಮುದ್ರಕ್ಕೋ ಬಿಡಬೇಕು, ಸ್ಮಾರಕವನ್ನು ಕಟ್ಟಕೂಡದು ಎಂಬುದು ಅದರ ತಾತ್ಪರ್ಯ. ಗದ್ದುಗೆಗಳ ನಾಡಿದು. ಸತ್ತ ಮೇಲೆ ಕಲ್ಲಿನ ಮಂಟಪ, ಅದಕ್ಕೊಂದು ಜಾತ್ರೆ, ಜಾತ್ರೆಗೊಂದು ಕಾಣಿಕೆಯ ಪೆಟ್ಟಿಗೆ, ಪೆಟ್ಟಿಗೆಗೊಂದು ವ್ಯಾಜ್ಯ ಇದು ನಮ್ಮಲ್ಲಿ ಮಾಮೂಲು. ಒಡವೆ ವಸ್ತುಗಳನ್ನು ಬಿಟ್ಟವರನ್ನು ಕಾಣಬಹುದು. ತನ್ನ ಹೆಸರು ನಿಲ್ಲಲೆಂಬ ಆಸೆಯನ್ನು ಬಿಟ್ಟವರನ್ನು ಕಾಣುವುದು ಬಹು ದುರ್ಲಭ. 2023ರ ಜನವರಿ 2ರಂದು, ವೈಕುಂಠ ಏಕಾದಶಿಯ ದಿವಸ ಅವರು ತೀರಿಕೊಂಡರು. ಮರುದಿನ ವಿಜಾಪುರದ ಬೀದಿಗಳು ಹಿಡಿಸಲಾರದಷ್ಟು ಜನ ಸೇರಿದರು. ಅವರ ಇಚ್ಛೆಯಂತೆಯೇ ದಹನವಾಯಿತು, ಬೂದಿಯನ್ನು ಕೂಡಲಸಂಗಮದ ಹೊಳೆಯಲ್ಲಿಯೂ ಗೋಕರ್ಣದ ಕಡಲಿನಲ್ಲಿಯೂ ಬಿಡಲಾಯಿತು.

ನಾಲತವಾಡದ, ತಾಳೀಕೋಟೆಯ, ಸಿಂದಗಿ ಇಂಡಿಗಳ ಹಳ್ಳಿಗಳಿಂದ ಅಂದು ಹೋಗಿ ಕಣ್ಣೀರು ಹಾಕಿ ಬಂದವರಲ್ಲಿ ಅನೇಕರ ಮನೆಗಳ ಇಂದಿನ ಲೆಕ್ಕವೇನು? ಇದನ್ನು ಹೇಳುವುದು ಕಟುವಾದರೂ ಹೇಳದೆ ಗತ್ಯಂತರವಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯಿಂದ ಈ ಸೀಮೆಗೆ ಎರಡು ಬಗೆಯ ಹೊಳೆಗಳು ಹರಿದುಬಂದವು. ಒಂದು ನೀರಿನದು, ಇನ್ನೊಂದು ಹಣದ್ದು. ನೀರು ಬಂದ ಹೊಲಗಳು ಹಸುರಾದುವು; ಅದು ಸಂತೋಷದ ಮಾತು. ಭೂಮಿ ಮುಳುಗಿದವರ ಕೈಗೆ ಪರಿಹಾರದ ಹಣ ಬಂದಿತು. ಹತ್ತು ತಲೆಮಾರು ಅನ್ನವಿಕ್ಕಿದ ಎರೆಹೊಲವು ಒಂದು ಕಾಗದದ ಚೂರಾಗಿ ಬಂದಾಗ ಅದನ್ನು ಹೇಗೆ ಹಿಡಿಯಬೇಕೆಂದು ಹೇಳಿಕೊಡುವವರು ಯಾರೂ ಇರಲಿಲ್ಲ. ಹೊಲಕ್ಕೆ ಬದಲು ಹೊಲವನ್ನು ಕೊಂಡವರು ಉಳಿದರು. ಮೋಟಾರು, ಮದುವೆ, ಮಾಳಿಗೆಗಳಿಗೆ ಸುರಿದವರಲ್ಲಿ ಹಲವರು ಇಂದು ಪರರ ಹೊಲದಲ್ಲಿ ಕೂಲಿಗಳು. ಅವರನ್ನು ಲೋಭಿಗಳೆಂದು ಜರಿಯುವುದು ಅನ್ಯಾಯ. ಸಾಕೆಂಬ ಮಾತನ್ನು ಹೇಳಲು ಸಾಕೆಷ್ಟೆಂಬುದು ಮೊದಲು ತಿಳಿದಿರಬೇಕು. ಹೊಲದ ಲೆಕ್ಕ ಬಲ್ಲವನಿಗೆ ಹಣದ ಲೆಕ್ಕ ತಿಳಿದಿರಲಿಲ್ಲ.

ಇಂದಿನ ಕಷ್ಟವು ಇನ್ನೂ ಸೂಕ್ಷ್ಮವಾದುದು. ಮೊದಲು ಸಾಲ ಬೇಕಾದವನು ಸಾಹುಕಾರನ ಕಟ್ಟೆಯ ಮೇಲೆ ಅರ್ಧ ದಿನ ಕುಳಿತಿರಬೇಕಾಗಿತ್ತು. ಆ ಅರ್ಧ ದಿನದ ನಾಚಿಕೆಯಲ್ಲಿ ಎಷ್ಟೋ ಬೇಡದ ಸಾಲಗಳು ಹುಟ್ಟದೆಯೇ ಸಾಯುತ್ತಿದ್ದುವು. ಈಗ ಸಾಲವೇ ಮನೆಯ ಬಾಗಿಲಿಗೆ ಬರುತ್ತದೆ. ಕೈಯಲ್ಲಿರುವ ಮೊಬೈಲಿನೊಳಗೂ ಬರುತ್ತದೆ. ಕಿರುಸಾಲದ ಕಂಪನಿಗಳು ಹೆಂಗಸರ ಗುಂಪುಗಳನ್ನು ಕಟ್ಟಿ, ವಾರದ ಕಂತಿಗೆ ಹಣ ಕೊಟ್ಟು, ಕಂತು ತಪ್ಪಿದರೆ ಮನೆಯ ಮುಂದೆ ನಿಂತು ಮಾನ ಕಳೆಯುವ ಮಟ್ಟಕ್ಕೆ ಮುಟ್ಟಿದ್ದರಿಂದ, 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರಕಾರವು ಇದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬಲಾತ್ಕಾರದಿಂದ ವಸೂಲು ಮಾಡುವವರಿಗೆ ಹತ್ತು ವರ್ಷಗಳ ವರೆಗಿನ ಸೆರೆವಾಸ, ಐದು ಲಕ್ಷ ರೂಪಾಯಿಗಳ ವರೆಗಿನ ದಂಡ. ಕಾಯದೆಯು ಬಂದುದು ಒಳ್ಳೆಯದಾಯಿತು. ಆದರೆ ಕಾಯದೆಯು ವಸೂಲಿಗಾರನ ಕೈಯನ್ನು ತಡೆಯಬಲ್ಲದಲ್ಲದೆ ಸಾಲ ಪಡೆಯುವ ಕೈಯನ್ನು ತಡೆಯಲಾರದು.

ಆ ಸಾಲಗಳಲ್ಲಿ ಬೀಜ ಗೊಬ್ಬರಕ್ಕೆ, ಔಷಧಕ್ಕೆ, ಮಕ್ಕಳ ಓದಿಗೆ ಹೋದ ಭಾಗವನ್ನು ನಾವು ಟೀಕಿಸಲೊಲ್ಲೆವು. ಅಲ್ಲಿ ತಪ್ಪಿದ್ದರೆ ಅದು ಸರಕಾರದ್ದು. ಸಹಕಾರಿ ಸಂಘಗಳು ಸರಿಯಾಗಿ ನಡೆದಿದ್ದರೆ, ಆಸ್ಪತ್ರೆಗಳಲ್ಲಿ ಔಷಧವಿದ್ದಿದ್ದರೆ, ಆ ಹೆಂಗಸರು ಕಂಪನಿಯ ಬಾಗಿಲನ್ನು ಏಕೆ ನೋಡುತ್ತಿದ್ದರು? ನಮ್ಮ ಮಾತು ಮಿಕ್ಕ ಭಾಗದ ಕುರಿತಾದುದು. ಮದುವೆಯೊಂದಕ್ಕೆ ಹತ್ತು ಲಕ್ಷ, ಅದರ ಮೆರವಣಿಗೆಗೆ ಕಿವಿಯೊಡೆಯುವ ಧ್ವನಿವರ್ಧಕ, ನೆರೆಮನೆಯವರು ಮಾಡಿದ್ದಕ್ಕಿಂತ ಒಂದು ಪಕ್ವಾನ್ನ ಹೆಚ್ಚು. ಇದರಲ್ಲಿ ಮದುಮಕ್ಕಳ ಸುಖಕ್ಕೆ ಸಂಬಂಧಪಟ್ಟುದು ಏನುಂಟು? ನಾವು ವಿಚಾರಿಸಿದ ಮಟ್ಟಿಗೆ ಇದನ್ನು ಮನಸಾರೆ ಬಯಸುವವರು ಯಾರೂ ಇಲ್ಲ. ಪ್ರತಿಯೊಬ್ಬನೂ ಇನ್ನೊಬ್ಬನು ಏನೆಂದಾನೋ ಎಂಬ ಅಂಜಿಕೆಯಿಂದ ಮಾಡುತ್ತಾನೆ. ಆ ಇನ್ನೊಬ್ಬನೂ ಅದೇ ಅಂಜಿಕೆಯಿಂದಲೇ ಮಾಡಿರುತ್ತಾನೆ. ಭೋಗದ ಆಸೆಗಿಂತ ನೆರೆಯವರ ಕಣ್ಣಿನ ಭಯವೇ ನಮ್ಮ ಮನೆಗಳನ್ನು ಹೆಚ್ಚಾಗಿ ಮುಳುಗಿಸುತ್ತಿದೆ. ದೇವರ ಮೇಲಿನ ನಂಬುಗೆಯು ಇಲ್ಲಿಯೇ ಕೆಲಸಕ್ಕೆ ಬರತಕ್ಕದ್ದು. ತಾನು ಯಾರಿಗೆ ಉತ್ತರ ಹೇಳಬೇಕೆಂಬುದನ್ನು ಬಲ್ಲವನಿಗೆ ಓಣಿಯ ಮಾತು ಅಷ್ಟಾಗಿ ಚುಚ್ಚುವುದಿಲ್ಲ. ಲಕ್ಕಮ್ಮನ ನೆರೆಯಲ್ಲಿಯೂ ಆಡಿಕೊಳ್ಳುವ ಜನ ಇದ್ದಿರದೆ ಇರಲಾರರು.

ಈ ಸೀಮೆಯ ಮಠಗಳೂ ಜಾತ್ರಾ ಕಮಿಟಿಗಳೂ ಸಾಮೂಹಿಕ ವಿವಾಹಗಳನ್ನು ನಡೆಯಿಸುತ್ತ ಬಂದಿರುವುದು ಶ್ಲಾಘನೀಯ. ಆದರೆ ಅದರಲ್ಲಿ ಒಂದು ಕೊರತೆಯುಂಟು. ಅಲ್ಲಿ ಮದುವೆಯಾಗುವವರು ಬಡವರ ಮಕ್ಕಳು ಮಾತ್ರ. ಉಳ್ಳವರು ವೇದಿಕೆಯ ಮೇಲೆ ಕುಳಿತು ಅಕ್ಷತೆ ಹಾಕುತ್ತಾರೆ, ತಾಳಿ ಸೀರೆಗಳ ದಾನಿಗಳಾಗಿ ಹೆಸರು ಹೇಳಿಸಿಕೊಳ್ಳುತ್ತಾರೆ, ಬಳಿಕ ತಮ್ಮ ಮಕ್ಕಳ ಮದುವೆಯನ್ನು ಕಲ್ಯಾಣಮಂಟಪದಲ್ಲಿ ಮಾಡುತ್ತಾರೆ. ಇದರಿಂದ ಸರಳ ವಿವಾಹವೆಂದರೆ ಗತಿಯಿಲ್ಲದವರ ವಿವಾಹವೆಂಬ ಭಾವನೆ ಬಲಿಯುತ್ತಿದೆ. ಊರಿನ ಗೌಡರು, ಸಾಹುಕಾರರು, ತಾಲೂಕಿನ ಅಧಿಕಾರಿಗಳು, ಶಾಸಕರು ತಮ್ಮ ಮನೆಯ ಒಂದೊಂದು ಮದುವೆಯನ್ನಾದರೂ ಅದೇ ಹಂದರದ ಕೆಳಗೆ, ಅದೇ ಪಂಕ್ತಿಯಲ್ಲಿ, ಅದೇ ಹುಗ್ಗಿಯ ಊಟದೊಡನೆ ಮಾಡಿದರೆ, ಹತ್ತು ವರ್ಷಗಳ ಪ್ರವಚನದಿಂದ ಆಗದ ಕೆಲಸ ಒಂದು ದಿನದಲ್ಲಿ ಆದೀತು. ದಾನಕೊಡುವವರ ಪಟ್ಟಿಯ ಬದಲು ಪಂಕ್ತಿಗೆ ಬರುವವರ ಪಟ್ಟಿಯನ್ನು ಕಮಿಟಿಯವರು ಮೊದಲು ಕೇಳಲಿ. ತೊಗರಿಯ ರಾಶಿ ಮುಗಿಯುತ್ತಲೇ ಈ ಭಾಗದಲ್ಲಿ ಹೆಣ್ಣು ನೋಡುವ, ದಿನ ಗೊತ್ತುಮಾಡುವ ಮಾತುಗಳು ಆರಂಭವಾಗುತ್ತವೆ. ಕಮಿಟಿಗಳು ಸೇರುವುದೂ ಅದೇ ಸುಮಾರಿಗೆ. ನಾಲತವಾಡದಂಥ ಊರಿನಲ್ಲಿ ಮೊದಲ ಹೆಸರನ್ನು ಬರೆಯಿಸುವ ಮನೆ ಯಾವುದೆಂದು ತಿಳಿಯುವ ಕುತೂಹಲ ನಮಗುಂಟು. ಬರೆಯಿಸಿದವರ ವರ್ತಮಾನವನ್ನು ಕಳುಹಿಸಿದರೆ ಇದೇ ಪುಟದಲ್ಲಿ ಸಂತೋಷದಿಂದ ಅಚ್ಚುಹಾಕುವೆವು.